ಮಂಡಕ್ಕಿ ಭಟ್ಟಿಯ ಪಿಕಪ್ಪು

ನನ್ನ ಗಂಡನಿಗೆ ಉಬ್ಬಸ. ಮದುವೆಗೆ ಮುಂಚೆ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ಹುಡುಗ ಸಾಧು, ಶಿವಮೊಗ್ಗದಲ್ಲಿ ಸ್ವಂತ ಮಂಡಕ್ಕಿ ಭಟ್ಟಿ ಇದೆ, ಅತ್ತೆ ಇಲ್ಲ, ಮಾವ ಮಾತು ಕಡಿಮೆ ಎಂದಷ್ಟೇ ಹೇಳಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ನನ್ನನ್ನು ತಂದರು. ನಮ್ಮಪ್ಪನಿಗೆ ಮಾವನ ಮಾತು ಕಡಿಮೆ ಎಂಬುದೇ ಬಹಳ ಹಿಡಿಸಿತ್ತು. ಮಗಳ ಬಾಯಿ ಜೋರು, ಎರಡೂ ಸೇರಿ ಸಮ ಆಗುತ್ತದೆ ಎಂದು ಲೆಕ್ಕ ಹಾಕಿದ್ದರಂತೆ.

ಮಂಡಕ್ಕಿ ತಿಂದವರಿಗೆಲ್ಲ ಭಟ್ಟಿ ಗೊತ್ತಿರಬೇಕೆಂದಿಲ್ಲ. ಆಲ್ಕೊಳದ ಕಡೆ ಆಗಿನ್ನೂ ಹೊಲಗದ್ದೆ. ಊರಿಗೆ ಹೊಗೆ ಬಾರದಿರಲೆಂದು ಮಾವ ಅಲ್ಲಿ ತಗಡಿನ ಶೆಡ್ಡು ಹಾಕಿ ಭಟ್ಟಿ ಕಟ್ಟಿಸಿದ್ದರು. ಭತ್ತದ ಹೊಟ್ಟು ಉರಿಸಿ, ದೊಡ್ಡ ಬಾಣಲೆಯಲ್ಲಿ ಮರಳು ಕಾಯಿಸಿ, ಉಪ್ಪುನೀರು ಹಾಕಿ ಹದ ಮಾಡಿದ ಅಕ್ಕಿಯನ್ನು ಅದರಲ್ಲಿ ಹುರಿದರೆ ಕ್ಷಣದಲ್ಲಿ ಅರಳಿ ಮಂಡಕ್ಕಿಯಾಗುತ್ತದೆ. ನೋಡುವುದಕ್ಕೆ ಚೆಂದ. ಆದರೆ ಹೊಟ್ಟಿನ ಹೊಗೆ, ಮರಳಿನ ಕಾವು, ಜರಡಿ ಹಿಡಿಯುವಾಗ ಏಳುವ ದೂಳು ಎಲ್ಲವೂ ಒಲೆಯ ಮುಂದೆ ಕೂತವನ ಎದೆಗೇ ಹೋಗುತ್ತವೆ. ನನ್ನ ಗಂಡ ಹದಿನಾರರ ವಯಸ್ಸಿನಿಂದ ಆ ಒಲೆಯ ಮುಂದೆ ಕೂತವರು. ಸಂಜೆ ಮನೆಗೆ ಬಂದು ಜಗಲಿಯ ಕಂಬ ಹಿಡಿದು ನಿಂತರೆ ಚಪ್ಪಲಿ ಬಿಡಲೂ ಅವರಿಗೆ ಶಕ್ತಿ ಇರುತ್ತಿರಲಿಲ್ಲ. ಮದುವೆಯಾದ ಮೊದಲ ವರ್ಷವೇ ಡಾಕ್ಟರು ನನ್ನೆದುರಿಗೇ ಹೇಳಿದರು, ಹೊಗೆ ಬಿಡದಿದ್ದರೆ ಔಷಧಿ ಕೊಟ್ಟು ಪ್ರಯೋಜನವಿಲ್ಲ ಎಂದು.

ಹೊಗೆ ಬಿಟ್ಟು ಮಾಡುವುದೇನು? ನಮ್ಮ ವ್ಯಾಪಾರದಲ್ಲಿ ಹೊಗೆಯಿಲ್ಲದ ಕೆಲಸವೆಂದರೆ ಒಂದೇ, ಮಾಲು ಸಾಗಿಸುವುದು. ಅದಕ್ಕೆ ಎತ್ತಿನ ಗಾಡಿಯಿತ್ತು, ಗಾಡಿ ಹೊಡೆಯುವವನೂ ಇದ್ದ. ಅವನು ವಯಸ್ಸಾಯಿತು, ಊರಿಗೆ ಹೋಗುತ್ತೇನೆಂದು ಹೊರಟ ಸಮಯದಲ್ಲಿ ನನ್ನ ಗಂಡ ಒಂದು ಹಳೆಯ ಪಿಕಪ್ ನೋಡಿಕೊಂಡು ಬಂದರು. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ದುಡಿದು ಸುಸ್ತಾದ, ಇಂಗ್ಲೆಂಡಿನಲ್ಲಿ ಹುಟ್ಟಿದ ಗಾಡಿ. ಮುಂದೆ ಮೋಟಾರು ಕಾರಿನ ಮುಖ, ಹಿಂದೆ ಬಯಲು ತೊಟ್ಟಿ. ಮಾವ ಅದನ್ನು ಒಂದು ಸುತ್ತು ಬಂದು ನೋಡಿ, "ಎತ್ತಿಗೆ ವೈರು ಇರಲ್ಲ ಮಾರಾಯ" ಎಂದರು. ಅಷ್ಟೇ. ಬೇಡ ಎನ್ನಲಿಲ್ಲ, ಎತ್ತುಗಳನ್ನು ಮಾರಲೂ ಇಲ್ಲ.

ಅಂತೂ ಭಟ್ಟಿಯ ಮುಂದೆ ಮಾವ ಕೂತರು, ಸ್ಟೀರಿಂಗ್ ಮುಂದೆ ನನ್ನ ಗಂಡ. ಬೆಳಿಗ್ಗೆ ತಾಡಪಾಲು ಕಟ್ಟಿ ಮಂಡಕ್ಕಿ ಚೀಲಗಳನ್ನು ಭದ್ರಾವತಿಗೆ ಒಯ್ಯುವುದು, ಅಲ್ಲಿ ಕಾರ್ಖಾನೆಯ ಆಸುಪಾಸಿನ ಅಂಗಡಿಗಳಿಗೆ ಹಾಕುವುದು, ಬರುವಾಗ ಅಲ್ಲಿನ ಮಂಡಿಯಿಂದ ಭತ್ತ ಹೇರಿಕೊಂಡು ಬರುವುದು. ಪಾಳಿ ಬಿಟ್ಟು ಬರುವ ಕಾರ್ಮಿಕರಿಗೆ ಖಾರ ಮಂಡಕ್ಕಿ ಇಲ್ಲದಿದ್ದರೆ ಮನೆ ದಾರಿ ಕಾಣುತ್ತಿರಲಿಲ್ಲ, ಹಾಗಾಗಿ ವ್ಯಾಪಾರಕ್ಕೆ ತೊಂದರೆ ಇರಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಗಂಡ ಬೇರೆಯೇ ಮನುಷ್ಯರಾದರು. ಮೆಟ್ಟಿಲು ಹತ್ತುತ್ತ ಹಾಡು ಗುನುಗತೊಡಗಿದರು. ಹಾಡು ಅಪಸ್ವರ. ನಾನು ಹಾಗೆಂದು ಹೇಳಿದೆ, ಒಳಗೊಳಗೆ ಶಿವನಿಗೆ ಕೈ ಮುಗಿದೆ.

ಆ ಪಿಕಪ್ಪಿನ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಟ್ಯಾಂಕಿನಿಂದ ಪೆಟ್ರೋಲನ್ನು ಎಂಜಿನಿಗೆ ತಳ್ಳಲು ಹಿಂದಿನ ತೊಟ್ಟಿಯ ಕೆಳಗೆ, ಒಂದು ಕಬ್ಬಿಣದ ಪಟ್ಟಿಯ ಮೇಲೆ, ಕರೆಂಟಿನಿಂದ ನಡೆಯುವ ಪುಟ್ಟ ಪಂಪು ಕೂತಿತ್ತು. ಕೀಲಿ ತಿರುಗಿಸಿದ ಕೂಡಲೇ ಅದು ಟಕ್ ಟಕ್ ಟಕ್ ಎಂದು ಬಡಿದುಕೊಂಡು, ಮುಂದೆ ಪೆಟ್ರೋಲು ತುಂಬಿದ ಮೇಲೆ ಸುಮ್ಮನಾಗುತ್ತಿತ್ತು. ಆಮೇಲೆ ಎಂಜಿನ್ನು ಕುಡಿದ ಹಾಗೆಲ್ಲ ಒಮ್ಮೊಮ್ಮೆ ಟಕ್ ಎನ್ನುತ್ತಿತ್ತು. ಅಡುಗೆಮನೆಯಲ್ಲಿದ್ದರೂ ಆ ಸದ್ದು ನನಗೆ ಕೇಳುತ್ತಿತ್ತು. ಟಕ್ ಟಕ್ ಕೇಳಿತೆಂದರೆ ಇವರು ಹೊರಟರು ಎಂದರ್ಥ, ನಾನು ಬುತ್ತಿ ಹಿಡಿದು ಓಡುತ್ತಿದ್ದೆ.

ಎರಡನೆಯ ವರ್ಷದ ಆಯುಧಪೂಜೆಗೆ ಗಾಡಿಗೆ ಬಣ್ಣ ಹೊಡೆಸಬೇಕೆಂದು ಮಾವನೇ ಹೇಳಿದರು. ನಮ್ಮಲ್ಲಿ ಆಯುಧಪೂಜೆಯೆಂದರೆ ಕುಡುಗೋಲಿನಿಂದ ಹಿಡಿದು ತಕ್ಕಡಿಯವರೆಗೆ ತೊಳೆದು ತಿಕ್ಕಬೇಕು, ಎಣ್ಣೆಯೋ ಬಣ್ಣವೋ ಕಾಣದ ಕಬ್ಬಿಣ ಮನೆಯಲ್ಲಿ ಉಳಿಯಬಾರದು. ನನ್ನ ಗಂಡ ಗಾಡಿಯ ಕೆಳಭಾಗಕ್ಕೆ ತಾವೇ ಕರಿ ಬಣ್ಣ ಬಳಿಯುತ್ತೇನೆಂದು ಹೊರಟಿದ್ದರು. ನಾನಾಗ ತವರಿಗೆ ಹೋಗಿದ್ದೆ. "ಅದನ್ನೆಲ್ಲ ಪೇಂಟರ್ ನೋಡ್ಕೊಳ್ತಾನೆ, ನೀನು ಬಸ್ಸಲ್ಲಿ ಹೋಗಿ ಸೊಸೇನ ಕರ್ಕೊಂಡು ಬಾ" ಎಂದು ಮಾವ ಅವರನ್ನು ಭದ್ರಾವತಿಗೆ ಅಟ್ಟಿದರು. ನಾವು ವಾಪಸು ಬಂದಾಗ ಗಾಡಿ ಮದುವಣಗಿತ್ತಿಯಂತೆ ನಿಂತಿತ್ತು. ಮೇಲೆ ನೀಲಿ, ಅಂಚಿಗೆ ಹಳದಿ ಗೆರೆ, ಬಾಗಿಲ ಮೇಲೆ ವಿಭೂತಿಯ ಮೂರು ಪಟ್ಟೆ ಬರೆಸಿದ್ದರು. ಬಗ್ಗಿ ನೋಡಿದರೆ ಕೆಳಗೆಲ್ಲ ಹೊಳೆಯುವ ಕಪ್ಪು. ಪೇಂಟರನಿಗೆ ಕೈಚಳಕ ಇದೆ ಎಂದು ನಾನೇ ಹೊಗಳಿದೆ.

ಹಬ್ಬದ ಮರುದಿನವೇ ಗಾಡಿ ನಿಂತಿದ್ದರೆ ನಮಗೆ ಏನಾದರೂ ಹೊಳೆಯುತ್ತಿತ್ತೋ ಏನೋ. ಒಂದು ವಾರ ಚೆನ್ನಾಗಿಯೇ ಓಡಿತು. ಆಮೇಲೊಂದು ಬೆಳಿಗ್ಗೆ, ತುಂಬು ಮಂಡಕ್ಕಿ ಹೇರಿಕೊಂಡು ಭದ್ರಾವತಿ ದಾರಿ ಹಿಡಿದಿದ್ದಾಗ, ಮಲವಗೊಪ್ಪದ ಹತ್ತಿರ ಕೆಮ್ಮಿ, ಮುಕ್ಕರಿಸಿ ನಿಂತೇ ಹೋಯಿತು. ಇವರು ಕೀಲಿ ತಿರುಗಿಸಿದರೆ ಟಕ್ ಟಕ್ ಇಲ್ಲ. ಪಂಪು ಸತ್ತ ಹಾಗೆ ಸುಮ್ಮನೆ. ಕೆಳಗೆ ನುಸುಳಿ ಸ್ಪಾನರಿನ ಹಿಡಿಯಿಂದ ಪಂಪಿಗೆ ಎರಡೇಟು ಕೊಟ್ಟ ಮೇಲೆ ಟಕ್ ಎಂದಿತಂತೆ. ಮತ್ತೆ ಸ್ವಲ್ಪ ದೂರ ಓಡಿ ನಿಂತಿತಂತೆ. ಅಲ್ಲಿದ್ದವರು ನಾಲ್ಕು ಜನ ಹಿಂದಿನ ಹಲಗೆಗೆ ಭಾರ ಕೊಟ್ಟು ತಳ್ಳಿ, ಹೊರಟ ಮೇಲೆ ತಾವೂ ಹಾರಿ ಕೂತು, ಪುಕ್ಕಟೆಯಾಗಿ ಭದ್ರಾವತಿ ಸೇರಿಕೊಂಡರು. ಅವರು ಕೂತಷ್ಟು ದೂರ ಗಾಡಿ ತಕರಾರು ಮಾಡಲಿಲ್ಲ. ಇದನ್ನು ಇವರು ಮನೆಗೆ ಬಂದು ತಮಾಷೆಯಾಗಿ ಹೇಳಿದರೇ ಹೊರತು ಅದರಲ್ಲಿ ಅರ್ಥವಿದೆ ಎಂದು ಇಬ್ಬರಿಗೂ ತೋಚಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ಹೋಗುವಾಗ ನಿಲ್ಲುವುದು, ಬರುವಾಗ ಓಡುವುದು. ಪ್ರತಿ ಸಲವೂ ಹೀಗೆಯೇ. ಭದ್ರಾವತಿಯಿಂದ ಭತ್ತ ಹೊತ್ತು ಬರುವಾಗ ಒಮ್ಮೆಯೂ ನಿಂತದ್ದಿಲ್ಲ. "ನಿನ್ನ ತವರಿನ ಮೇಲೆ ಗಾಡಿಗೆ ಏನೋ ಮುನಿಸು ಮಾರಾಯ್ತಿ. ನಮ್ಮಪ್ಪ ನಿಮ್ಮಪ್ಪ ಮದುವೇಲಿ ಜಗಳ ಆಡಿದ್ರಾ?" ಎಂದು ಇವರು ಕೆಣಕುತ್ತಿದ್ದರು. "ಗಾಡಿಗೆ ನಿಮಗಿಂತ ಬುದ್ಧಿ ಇದೆ. ಅತ್ತೆ ಮನೆಗೆ ಅತಿಯಾಗಿ ಹೋಗಬಾರದು ಅಂತ ಗೊತ್ತಾಗಿದೆ" ಎಂದು ನಾನೂ ಬಿಡುತ್ತಿರಲಿಲ್ಲ. ನಗುತ್ತಿದ್ದೆವು, ನಿಜ. ಆದರೆ ದಾರಿಯಲ್ಲಿ ತೇವದ ನೆಲದ ಮೇಲೆ ಮಲಗಿ ಪಂಪು ಬಡಿದು, ಗಾಡಿ ತಳ್ಳಿ ಬಂದ ದಿನ ಇವರ ಎದೆಯಲ್ಲಿ ಹಳೆಯ ಸಿಳ್ಳು ಮತ್ತೆ ಕೇಳುತ್ತಿತ್ತು.

ಸಲಹೆ ಕೊಡುವವರಿಗೇನು ಬರಗಾಲ. ದೃಷ್ಟಿ ತಗುಲಿದೆ ಎಂದು ಪಕ್ಕದ ಮನೆಯವರು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ನೀಲಿ ಬಣ್ಣ ಆಗಿಬರುವುದಿಲ್ಲ ಎಂದು ಒಬ್ಬರು. ಪೆಟ್ರೋಲಿಗೆ ನೀರು ಸೇರಿದೆ ಎಂದು ಇನ್ನೊಬ್ಬರು, ಆ ಪ್ರಕಾರ ಟ್ಯಾಂಕನ್ನು ಇಳಿಸಿ ತೊಳೆದದ್ದೂ ಆಯಿತು. ನನ್ನ ಗಂಡ ಮಾತ್ರ ಇದು ಕರೆಂಟಿನದೇ ಕಾಯಿಲೆ ಎಂದು ಹಟ ಹಿಡಿದರು. ಒಂದು ಬಲ್ಬಿನ ಹೋಲ್ಡರಿಗೆ ಎರಡು ವೈರು ಕಟ್ಟಿಕೊಂಡು ಗಾಡಿಯ ಕೆಳಗೆ ಮಲಗಿದರು. ಒಂದು ವೈರನ್ನು ಪಂಪಿಗೆ ಕರೆಂಟು ಬರುವ ಜಾಗಕ್ಕೆ ಮುಟ್ಟಿಸಿ, ಇನ್ನೊಂದನ್ನು ಗಾಡಿಯ ಅಡಿಯ ಚೌಕಟ್ಟಿನಲ್ಲಿ, ಅಂದರೆ ಚಾಸಿಯಲ್ಲಿ, ಬಣ್ಣ ಎದ್ದು ಹೋದ ಬರಿಯ ಕಬ್ಬಿಣಕ್ಕೆ ಒತ್ತಿ ಹಿಡಿದರೆ ಬಲ್ಬು ಝಗ್ಗನೆ ಹತ್ತಿತು. "ನೋಡು, ಕರೆಂಟು ಇಲ್ಲೀ ತನಕ ಬರ್ತಿದೆ. ಅಂದ್ಮೇಲೆ ಪಂಪೇ ಕೆಟ್ಟಿದೆ" ಎಂದು ತೀರ್ಪು ಕೊಟ್ಟರು. ನಾನು ಬಲ್ಬಿನ ಬೆಳಕು ನೋಡಿ ಒಪ್ಪಿಕೊಂಡೆ.

ಪಂಪನ್ನು ಬಿಚ್ಚಿ ಟವಲಿನಲ್ಲಿ ಸುತ್ತಿಕೊಂಡು ಇಬ್ಬರೂ ಬಸ್ಸು ಹತ್ತಿದೆವು. ಅವರಿಗೆ ರಿಪೇರಿ, ನನಗೆ ತವರು. ಕಾರ್ಖಾನೆಯ ಹಿಂಬದಿಯಲ್ಲಿ ಶೆಡ್ಡು ಹಾಕಿಕೊಂಡಿದ್ದ ತಮಿಳಿನ ಮೆಕ್ಯಾನಿಕ್ ಒಬ್ಬರು ನಮ್ಮಪ್ಪನಿಗೆ ಪರಿಚಯ. ಅವರು ಪಂಪಿನ ಮುಚ್ಚಳ ತೆಗೆದು, ಒಳಗೆ ಕರೆಂಟು ಕೂಡುವ ಮುಳ್ಳುಗಳನ್ನು ಒರೆಸಿ, ಮೇಜಿನ ಮೇಲಿದ್ದ ಬ್ಯಾಟರಿಗೆ ಕೊಟ್ಟರು. ಪಂಪು ಟಕ್ ಟಕ್ ಟಕ್ ಎಂದು ಕುಣಿಯಿತು.

"ಇದ್ರ ಮೇಲೆ ತಪ್ಪಿಲ್ಲ ಸಾಮಿ. ಪಂಪು ನಲ್ಲಾ ಇದೆ. ಮುಳ್ಳು ಸ್ವಲ್ಪ ಕರಿ ಇತ್ತು, ಒರ್ಸಿದೀನಿ" ಎಂದರು ಅವರು.

"ಇನ್ನು ನಿಲ್ಲಲ್ಲ ಅಲ್ವಾ?" ಎಂದು ನಾನು ಕೇಳಿದೆ.

"ನನ್ನ ಮೇಜಿನ ಮೇಲೆ ನಿಲ್ಲಲ್ಲ ತಾಯಿ. ನಿಮ್ಮ ಗಾಡೀಲಿ ಹೆಂಗೋ, ಅದು ಗಾಡೀನೇ ಕೇಳ್ಬೇಕು" ಎಂದು ನಕ್ಕರು.

ಪಂಪನ್ನು ತಂದು ಕೂರಿಸಿ, ಹಿಂದೆ ನಾಲ್ಕು ಹಮಾಲರನ್ನು ಹತ್ತಿಸಿಕೊಂಡು ಹೋಗಿ, ಪಕ್ಕದ ಊರಿನಿಂದ ಒಂದು ಲೋಡು ಭತ್ತ ತಂದರೆ ಗಾಡಿ ಹೂವಿನ ಹಾಗೆ ಓಡಿತು. ಕಾಯಿಲೆ ಹೋಯಿತೆಂದು ನಾನು ಪಾಯಸ ಮಾಡಿದೆ. ಮರುದಿನ ಮಂಡಕ್ಕಿ ಹೇರಿಕೊಂಡು ಹೊರಟರು, ಮತ್ತೆ ಅದೇ ಮಲವಗೊಪ್ಪ. ಅಲ್ಲಿನ ಚಾದಂಗಡಿಯವರು ದೂರದಿಂದಲೇ ನೋಡಿ ಒಂದು ಲೋಟ ಚಾ ಸೋಸಿಟ್ಟಿದ್ದರಂತೆ. ನಾನು ಮಾಡಿದ ಪಾಯಸ ಗಾಡಿಗೆ ಆಗಿಬರಲಿಲ್ಲ ಎಂದು ಇವರು ಹೇಳಿದಾಗ ನನಗೆ ನಗು ಬರಲಿಲ್ಲ.

ಅವತ್ತು ಸಂಜೆ ಇವರು ಬಂದದ್ದು ನಡೆದುಕೊಂಡು. ಗಾಡಿಯನ್ನು ಯಾರದೋ ಲಾರಿಗೆ ಕಟ್ಟಿ ಎಳೆಸಿ ಊರಾಚೆ ಬಿಟ್ಟು ಬಂದಿದ್ದರು. ಜಗಲಿಯ ಕಂಬ ಹಿಡಿದು ನಿಂತರು. ಎದೆ ಏರಿಳಿಯುತ್ತಿತ್ತು, ತುಟಿ ಬಣ್ಣಗೆಟ್ಟಿತ್ತು. ಮಾವ ಒಳಗಿನಿಂದ ಬಂದು ಮಗನನ್ನು ಒಂದು ಗಳಿಗೆ ನೋಡಿದರು.

"ಸಾಕು. ಭದ್ರಾವತೀಲಿ ಒಬ್ರು ಗಾಡಿ ಕೇಳ್ತಿದ್ರು. ಸೋಮವಾರ ಬಂದು ನೋಡಿ ಅಂತ ಹೇಳಿ ಕಳಿಸ್ತೀನಿ. ದೀಪಾವಳಿ ಒಳಗೆ ಇದು ಮನೆ ಬಿಟ್ಟು ಹೋಗ್ಲಿ" ಎಂದರು.

ಇವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನಾನಾದರೂ ಬಾಯಿ ತೆರೆಯಬೇಕಿತ್ತು, ತೆರೆದರೆ ಏನು ಬರುತ್ತದೋ ಎಂದು ತುಟಿ ಕಚ್ಚಿಕೊಂಡೆ. ಗಾಡಿ ಹೋದರೆ ಎತ್ತಿನ ಗಾಡಿಗೆ ಆಳು ಇಡುತ್ತಾರೆ. ಮಾವನಿಗೆ ವಯಸ್ಸಾಗಿದೆ, ಭಟ್ಟಿಗೆ ಮಗ ಹೋಗಿ ಕೂರಬೇಕು. ಬೇರೆ ಕೆಲಸ ಆ ಮನೆಯಲ್ಲಿ ಎಲ್ಲಿತ್ತು? ಹೊಗೆಯಿಂದ ಹೊರಗೆ ಬಂದು ಎರಡು ವರ್ಷವಾಗಿರಲಿಲ್ಲ, ಮತ್ತೆ ಅದೇ ಒಲೆಯ ಬಾಯಿಗೆ ಮಗನನ್ನು ತಳ್ಳುತ್ತಿದ್ದಾರಲ್ಲ, ಇವರೂ ಒಬ್ಬ ತಂದೆಯೇ ಎಂದು ನನ್ನ ಮೈಯೆಲ್ಲ ಉರಿಯಿತು. ಆ ರಾತ್ರಿ ಮಾವನ ತಟ್ಟೆಗೆ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಹಾಕಿದೆ. ಅವರು ತಿಂದು ಎದ್ದರು.

ಭಾನುವಾರ ಬೆಳಿಗ್ಗೆ ಮಾವ ಆಲ್ಕೊಳಕ್ಕೆ ಹೋದ ಮೇಲೆ ನಾವಿಬ್ಬರೂ ಅಂಗಳದಲ್ಲಿ ಗಾಡಿಯ ಸುತ್ತ ಕೂತೆವು. ಊರಾಚೆಯಿಂದ ಎತ್ತು ಕಟ್ಟಿ ಎಳೆಸಿಕೊಂಡು ತಂದ ಗಾಡಿ, ಖಾಲಿ ನಿಂತಿತ್ತು. ಇವರು ಕೆಳಗೆ ಚಾಪೆ ಹಾಸಿಕೊಂಡು ಮಲಗಿದರು, ನಾನು ಒಳಗೆ ಕೂತು ಹೇಳಿದಾಗ ಕೀಲಿ ತಿರುಗಿಸಬೇಕು. ಹಾಕು ಎಂದರೆ ಹಾಕಿದೆ, ತೆಗಿ ಎಂದರೆ ತೆಗೆದೆ. ಒಂದು ಸಲವೂ ಟಕ್ ಎನ್ನಲಿಲ್ಲ. ಬಲ್ಬು ಮಾತ್ರ ಪ್ರತಿ ಸಲವೂ ಹತ್ತುತ್ತಿತ್ತು.

"ಪಂಪಿಂದೇ ತಪ್ಪು. ಆ ಮೆಕ್ಯಾನಿಕ್ಕಿಗೆ ಗೊತ್ತಾಗಿಲ್ಲ" ಎಂದರು ಕೆಳಗಿನಿಂದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಮೇಜಿನ ಮೇಲೆ ಕುಣಿದಿದ್ದು ನಾನೇ ಕಣ್ಣಾರೆ ನೋಡಿದೀನಿ" ಎಂದೆ.

ಕೀಲಿಯನ್ನು ಹಾಕಿದ ಹಾಗೇ ಬಿಟ್ಟು ಬೇಸರದಿಂದ ಕೆಳಗಿಳಿದೆ. ಮಧ್ಯಾಹ್ನದ ಅಕ್ಕಿ ಆರಿಸುವುದಿತ್ತು. ಮೊರ ತಂದು, ಬಿಸಿಲು ಚೆನ್ನಾಗಿದೆಯೆಂದು ಗಾಡಿಯ ಹಿಂದಿನ ಹಲಗೆಯ ಮೇಲೇ ಹತ್ತಿ ಕೂತೆ. ಕೂತದ್ದೇ ತಡ, ಕೆಳಗೆ ಟಕ್ ಟಕ್ ಟಕ್.

"ಏನ್ ಮಾಡ್ದೆ?" ಎಂದು ಇವರು ಕೆಳಗಿನಿಂದ ಕೂಗಿದರು.

"ಅಕ್ಕಿ ಆರಿಸ್ತಿದೀನಿ" ಎಂದು ನೋಡಲು ಕೆಳಗಿಳಿದೆ. ಸದ್ದು ನಿಂತಿತು.

"ಮತ್ತೆ ಆರಿಸು."

ಮತ್ತೆ ಹತ್ತಿ ಕೂತೆ. ಟಕ್ ಟಕ್. ಇಳಿದರೆ ಸುಮ್ಮನೆ. ಕೂತರೆ ಟಕ್ ಟಕ್. ಇವರು ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಭಾರಕ್ಕೆ ಹೆದರಿ ಕೆಲಸ ಮಾಡ್ತಿದೆ ಮಾರಾಯ್ತಿ, ನನ್ನ ಹಾಗೇನೇ" ಎಂದರು. ಮೊರದಲ್ಲಿದ್ದ ನೆಲ್ಲನ್ನು ಹೆಕ್ಕಿ ಅವರ ತಲೆಗೆ ಎಸೆದೆ. ಎಸೆಯುವಾಗಲೇ ನನಗೆ ಹೊಳೆಯಿತು.

"ರೀ, ಹೋಗುವಾಗ ಏನು ಹಾಕ್ಕೊಂಡು ಹೋಗ್ತೀರಿ?"

"ಮಂಡಕ್ಕಿ."

"ಬರುವಾಗ?"

"ಭತ್ತ" ಎನ್ನುವಷ್ಟರಲ್ಲಿ ಅವರಿಗೂ ಅರ್ಥವಾಯಿತು. ಬಾಯಿ ಹಾಗೇ ತೆರೆದುಕೊಂಡಿತ್ತು. ಗಾಡಿ ತುಂಬ ಚೀಲ ಇದ್ದರೂ ಮಂಡಕ್ಕಿ ಎಂದರೆ ಗಾಳಿ. ನೋಡಿದವರಿಗೆ ತುಂಬಿದ ಗಾಡಿ, ಗಾಡಿಯ ಬೆನ್ನಿಗೆ ಅದು ಖಾಲಿಯೇ. ಭತ್ತ ಬಿದ್ದರೆ, ಮಲವಗೊಪ್ಪದ ನಾಲ್ಕು ಜನ ಹತ್ತಿದರೆ, ಇಲ್ಲವೇ ನಾನು ಕೂತರೆ ತೊಟ್ಟಿ ಬಗ್ಗುತ್ತದೆ, ಪಂಪು ಎಚ್ಚರಾಗುತ್ತದೆ. ಗಾಡಿಗೆ ನನ್ನ ತವರಿನ ಮೇಲೆ ಮುನಿಸೇನೂ ಇರಲಿಲ್ಲ. ಮಂಡಕ್ಕಿ ಭಟ್ಟಿಯವರ ಬದಲು ಬೇರೆ ಯಾರ ಕೈಗೆ ಈ ಗಾಡಿ ಸಿಕ್ಕಿದ್ದರೂ, ತುಂಬಿದಾಗ ಓಡುತ್ತದೆ ಖಾಲಿಯಾದಾಗ ನಿಲ್ಲುತ್ತದೆ ಎಂದು ಎರಡೇ ದಿನದಲ್ಲಿ ಕಂಡುಕೊಳ್ಳುತ್ತಿದ್ದರು. ನಾವು ಮಾತ್ರ ಗಾಳಿಯನ್ನು ಮೂಟೆ ಕಟ್ಟಿ ಲೋಡು ಎಂದುಕೊಂಡಿದ್ದೆವು.

ಆಮೇಲೆ ಇವರ ತಲೆ ಓಡಿತು. ನನ್ನನ್ನು ಕೆಳಗಿಳಿಸಿ ಮತ್ತೆ ಬಲ್ಬು ಹಿಡಿದು ನುಸುಳಿದರು. ಈ ಸಲ ಎರಡನೆಯ ವೈರನ್ನು ಚಾಸಿಗೆ ಒತ್ತಲಿಲ್ಲ, ಪಂಪಿನ ಮೈಗೇ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ. ಚಾಸಿಗೆ ಮುಟ್ಟಿಸಿದರೆ ಹತ್ತಿತು, ಪಂಪಿಗೆ ಮುಟ್ಟಿಸಿದರೆ ಆರಿತು. ಹೀಗೆ ಎರಡು ಮೂರು ಸಲ ಮಾಡಿ ಹೊರಗೆ ಬಂದು ನನಗೆ ವಿವರಿಸಿದರು. ಪಂಪಿಗೆ ಕರೆಂಟು ಬಂದರೆ ಸಾಲದು, ಬಂದ ಕರೆಂಟು ಗಾಡಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ವಾಪಸು ಹೋಗಬೇಕು. ಬರುವ ದಾರಿ ಸರಿಯಾಗಿದೆ, ಹೋಗುವ ದಾರಿ ಎಲ್ಲೋ ಮುಚ್ಚಿದೆ. ಬಲ್ಬು ಇಷ್ಟು ದಿನ ಹತ್ತುತ್ತಿದ್ದದ್ದು ನಾವೇ ಅದಕ್ಕೆ ಬೇರೆ ದಾರಿ ತೋರಿಸುತ್ತಿದ್ದುದರಿಂದ.

ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಂಪು ಕೂತಿದ್ದ ಕಬ್ಬಿಣದ ಪಟ್ಟಿಯ ಬೋಲ್ಟುಗಳನ್ನು ಬಿಚ್ಚಿ ಪಟ್ಟಿಯನ್ನು ಇಳಿಸಿದರೆ, ಅದರ ಹಿಂದೆ, ಮುಂದೆ, ಅದು ಕೂರುವ ಚಾಸಿಯ ಮೇಲೆ, ಬೋಲ್ಟಿನ ತೂತಿನ ಒಳಗೂ ಕೂಡ ದಪ್ಪನೆಯ ಕರಿ ಬಣ್ಣ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ಬಣ್ಣ ಮಲಗಿತ್ತು. ಮೊದಲು ಬಿಗಿಯಾಗಿದ್ದ ಬೋಲ್ಟು ಹೇಗೋ ಒಂದು ವಾರ ತಡೆದು, ಗುಂಡಿಗಳಲ್ಲಿ ಹಾರಿ ಹಾರಿ ಸಡಿಲಾದ ಮೇಲೆ ಭಾರ ಬಿದ್ದಾಗ ಮಾತ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ನಾನು ಅಡುಗೆಮನೆಯ ಚಾಕು ತಂದುಕೊಟ್ಟೆ. ಇವರು ಬಣ್ಣ ಹೆರೆದು, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಪಟ್ಟಿಯನ್ನು ಮತ್ತೆ ಬಿಗಿದರು. ಕೀಲಿ ತಿರುಗಿಸಿದೆ. ಖಾಲಿ ಗಾಡಿ ಟಕ್ ಟಕ್ ಟಕ್ ಎಂದಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಹಾಗೆಂದು ಅವರಿಗೂ ಹೇಳಿದೆ.

ಸಂತೋಷದ ಬೆನ್ನಿಗೇ ಇವರಿಗೆ ಪೇಂಟರನ ಮೇಲೆ ಸಿಟ್ಟು ಬಂತು. "ಇಷ್ಟು ದಿನ ನನ್ನ ಉಸಿರು ಹಿಂಡಿದಾನಲ್ಲ, ಕೇಳ್ಕೊಂಡು ಬರ್ತೀನಿ" ಎಂದು ಅಂಗಿ ತೊಟ್ಟು ಕೋಟೆಯ ಕಡೆ ಹೊರಟರು. ಪೇಂಟರನ ಅಂಗಡಿ ಅಲ್ಲಿಯೇ ದೇವಸ್ಥಾನದ ಬೀದಿಯಲ್ಲಿತ್ತು. ಹೋದ ವೇಗದಲ್ಲಿ ವಾಪಸು ಬರಲಿಲ್ಲ. ಬಂದವರು ಅಂಗಿಯನ್ನೂ ತೆಗೆಯದೆ ಜಗಲಿಯ ಮೇಲೆ ಕೂತರು.

"ಏನಂದ?" ಎಂದೆ.

"ಅವನು ಗಾಡಿ ಕೆಳಗೆ ಕೈನೇ ಹಾಕಿಲ್ವಂತೆ. ಮೇಲಿಂದು ಮಾತ್ರ ಅವನು ಮಾಡಿದ್ದಂತೆ. ಕರಿ ಬಣ್ಣದ ಡಬ್ಬ, ಬ್ರಷ್ಷು ಅಪ್ಪಾಜೀನೇ ಇಸ್ಕೊಂಡು ಹೋದ್ರಂತೆ."

ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಅರವತ್ತು ದಾಟಿದ ಮನುಷ್ಯ, ಬೆಳಿಗ್ಗೆ ಪೂಜೆಗೆ ಕೂತರೆ ಏಳುವಾಗ ಮಂಡಿ ಹಿಡಿದುಕೊಂಡು ಏಳುವವರು, ಗಾಡಿಯ ಕೆಳಗೆ ಮಲಗಿ ಬಣ್ಣ ಬಳಿದರೇ? "ಹೇಳೋದು ಬೇಡ. ತುಕ್ಕು ಹಿಡಿದಿತ್ತು, ಸರಿ ಮಾಡಿದ್ವಿ ಅಂದ್ರಾಯ್ತು" ಎಂದರು ಇವರು. ನಾನು ಹೂಂ ಎಂದೆ. ಆದರೆ ಗಾಡಿ ನಿಲ್ಲಿಸಿದವರೂ ಅವರೇ, ನಿಲ್ಲುತ್ತದೆಂದು ಮಾರುವವರೂ ಅವರೇ, ನಡುವೆ ನನ್ನ ಗಂಡನ ಎದೆ ಬೇಯಬೇಕೇ ಎಂದು ನನಗೆ ಸುಮ್ಮನಿರಲಾಗಲಿಲ್ಲ.

ಮಧ್ಯಾಹ್ನ ಮಾವ ಬಂದು ಕೈಕಾಲು ತೊಳೆದು ಕೂತರು. ಕಾಫಿ ಲೋಟ ಇಟ್ಟು ನಿಂತೇ ಕೇಳಿದೆ.

"ಮಾವ, ಹಬ್ಬಕ್ಕೆ ಗಾಡಿ ಕೆಳಗೆ ಬಣ್ಣ ಹೊಡೆದಿದ್ದು ನೀವಾ?"

ಒಳಗಿನಿಂದ ಇವರು ಕೆಮ್ಮಿ ಸನ್ನೆ ಮಾಡಿದ್ದು ಕೇಳಿಸಿತು. ನಾನು ಅತ್ತ ನೋಡಲಿಲ್ಲ.

"ಹೂಂ. ಯಾಕಮ್ಮ?"

"ಪಂಪಿನ ಪಟ್ಟಿ ಬಿಚ್ಚಿ ಒಳಗೆಲ್ಲ ಬಳಿದಿದೀರಿ."

"ತುಕ್ಕಿತ್ತು. ಒಳಗೆ ಬಿಟ್ರೆ ಮತ್ತೆ ಹಿಡಿಯುತ್ತೆ ಅಂತ ಬಿಚ್ಚಿ ಎರಡೂ ಕಡೆ ಬಳಿದೆ."

"ಅದರಿಂದಾನೇ ಗಾಡಿ ನಿಲ್ತಿದ್ದಿದ್ದು" ಎಂದೆ. ಬಣ್ಣ ನಡುವೆ ಬಂದು ಕರೆಂಟು ತಡೆದದ್ದನ್ನು ನನಗೆ ತಿಳಿದ ಹಾಗೆ ಹೇಳಿದೆ. ಅವರು ಕಾಫಿ ಮುಟ್ಟದೆ ಕೇಳಿದರು. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. "ಪೇಂಟರ್ ನೋಡ್ಕೊಳ್ತಾನೆ ಅಂತ ಇವರನ್ನ ಕಳಿಸಿದ್ರಲ್ಲ. ಇವರೇ ಮಾಡಿದ್ರೆ ಹೀಗಾಗ್ತಿರಲಿಲ್ಲ. ನೀವ್ಯಾಕೆ ಮಾಡೋಕೆ ಹೋದ್ರಿ?"

ಮಾವ ತಲೆ ಎತ್ತಿ ನನ್ನನ್ನು ನೋಡಿದರು.

"ನೆಲ ಹಸಿ ಇತ್ತಮ್ಮ. ಬಣ್ಣದ ವಾಸನೆ ಬೇರೆ ಕೆಟ್ಟದು, ಕೆಳಗೆ ಮಲಗಿದ್ರೆ ಮೂಗಿಗೇ ಬರುತ್ತೆ. ಪೇಂಟರ್ ಕೆಳಗಿಂದು ಮಾಡಲ್ಲ ಅಂದ. ನಿನ್ನ ಗಂಡ ಮಲಗಿದ್ರೆ ಅವನ ಎದೆ ತಡೆಯುತ್ತಾ?"

ನನ್ನ ಬಾಯಿ ಜೋರು ಎಂದವರು ಅವತ್ತು ಅಲ್ಲಿರಬೇಕಿತ್ತು. ಆರುತ್ತಿದ್ದ ಕಾಫಿ ಲೋಟವನ್ನು ಅತ್ತಿಂದಿತ್ತ ಸರಿಸಿದೆ. ಕೊನೆಗೆ, "ಹಾಗಿದ್ರೆ ಗಾಡಿ ಮಾರಿ ಅವರನ್ನ ಭಟ್ಟೀಲಿ ಯಾಕೆ ಕೂರಿಸ್ತೀರಿ?" ಎಂದು ಮೆಲ್ಲಗೆ ಕೇಳಿದೆ.

"ಭಟ್ಟೀಲಿ ಕೂರಿಸ್ತೀನಿ ಅಂತ ಯಾರು ಹೇಳಿದ್ದು?" ಎಂದರು ಮಾವ. "ಅವನಿಗೆ ಎತ್ತಿನ ಗಾಡಿ, ಭಟ್ಟಿಗೆ ನಾನು ಇದ್ದೀನಿ. ಮೊನ್ನೆ ಗಾಡಿ ತಳ್ಳಿ ಬಂದು ಕಂಬ ಹಿಡ್ಕೊಂಡು ನಿಂತಿದ್ದನಲ್ಲ, ಅದನ್ನ ನೋಡಕ್ಕಾಗಲಿಲ್ಲ ನನ್ನ ಕೈಲಿ. ಎತ್ತು ನಿಂತ್ರೆ ಯಾರೂ ತಳ್ಳೋದು ಬೇಡ."

ಎಷ್ಟು ದಿನದಿಂದ ಒಂದೇ ಮನೆಯಲ್ಲಿ, ಒಂದೇ ಉಸಿರಿಗಾಗಿ, ಮಾವ, ನಾನು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಕಾದಾಡಿದ್ದೆವು. ಮಾವನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅವತ್ತೇ ಮೊದಲು. ಕಾಫಿ ಆರಿತ್ತು, ಬಿಸಿ ಮಾಡಿ ತರುತ್ತೇನೆಂದು ಒಳಗೆ ಬಂದು ಕಣ್ಣೊರೆಸಿಕೊಂಡೆ. ಬಾಗಿಲ ಹಿಂದೆ ನಿಂತಿದ್ದ ಇವರೂ ಮುಖ ಆಚೆ ತಿರುಗಿಸಿಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಭದ್ರಾವತಿಯವರು ಗಾಡಿ ನೋಡಲು ಬಂದೇ ಬಂದರು. ಇವರು ಆ ಹೊತ್ತಿಗಾಗಲೇ ಮಂಡಕ್ಕಿ ಹೇರಿಕೊಂಡು ಹೊರಟು ಹೋಗಿದ್ದರು. ಮಾವ ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಡಿಸಿ, ಗಾಡಿ ಕೊಡುವುದಿಲ್ಲ ಎಂದರು. ಅಷ್ಟು ದೂರದಿಂದ ಬಂದವರಿಗೆ ಸಿಟ್ಟು ಬರುವುದು ಸಹಜ. ಬೇರೆಯವರು ಹೆಚ್ಚು ಕೊಡುತ್ತೇವೆ ಅಂದರೇ ಎಂದು ಕೇಳಿದರು. ಗಾಡಿಗೆ ಇನ್ನೂ ಶಕ್ತಿಯಿದೆಯೇ ಎಂದು ಕೇಳಿದರು. ಇಲ್ಲ, ಹಳೇ ಗಾಡಿ ಎಂದರು ಮಾವ. ಹಾಗಿದ್ದ ಮೇಲೆ ಯಾಕೆ ಇಟ್ಟುಕೊಳ್ಳುತ್ತೀರಿ ಯಜಮಾನರೇ ಎಂದು ಅವರು ಮತ್ತೆ ಕೇಳಿದರು.

"ಅದರಲ್ಲಿ ಕೂತ್ರೆ ನನ್ನ ಮಗ ಚೆನ್ನಾಗಿ ಉಸಿರಾಡ್ತಾನೆ" ಎಂದರು ಮಾವ.